ಕೊಡುವ ಕೈ ಯಾಕೆ ಹಿಂದೆ ಸರಿಯುತ್ತದೆ? ಕಳಸ ಸೀಮೆಯ ಒಂದು ಹಳೇ ಲೆಕ್ಕ

ಹೊರನಾಡಿನಲ್ಲಿ ಮಧ್ಯಾಹ್ನದ ಊಟದ ಪಂಕ್ತಿಯಲ್ಲಿ ಕೂತರೆ ಪಕ್ಕದವರು ಯಾರು, ಯಾವ ಊರು ಎಂದು ಯಾರೂ ಕೇಳುವುದಿಲ್ಲ. ಅನ್ನ ಬರುತ್ತದೆ, ಸಾರು ಬರುತ್ತದೆ, ಪಾಯಸ ಬರುತ್ತದೆ. ಉಂಡು ಎದ್ದು ಹೊರಗೆ ಬಂದವರಲ್ಲಿ ಹಲವರು ಕೌಂಟರಿನ ಮುಂದೆ ನಿಂತು ಕೈಲಾದಷ್ಟು ಅನ್ನದಾನಕ್ಕೆ ಬರೆಸುತ್ತಾರೆ.

ಅದೇ ಜನ ತಮ್ಮೂರಿನ ಗುಡಿಯ ಚಂದಾ ಪುಸ್ತಕ ಮನೆಗೆ ಬಂದರೆ, 'ಈ ಸಲ ಬೇಡ, ಮುಂದಿನ ವರ್ಷ ನೋಡೋಣ' ಎನ್ನುತ್ತಾರೆ. ನಮ್ಮ ಮನೆಗಳಲ್ಲೂ ಇದನ್ನು ನೋಡಿದ್ದೇವೆ. ಭಕ್ತಿ ಕಮ್ಮಿಯಾಯಿತು ಎನ್ನುವುದು ಸುಲಭದ ಉತ್ತರ. ಕಳಸ ಸೀಮೆಯ ಚರಿತ್ರೆಯನ್ನು ಸ್ವಲ್ಪ ಕೆದಕಿದರೆ ಬೇರೆ ಉತ್ತರಗಳೂ ಸಿಗುತ್ತವೆ.

ಶಾಪ ಹಾಕಿದ ದಾನಿಗಳು

ಕಳಸವನ್ನು ಆಳಿದವರು ಕಳಸ–ಕಾರ್ಕಳದ ಭೈರರಸರು. ಕಾರ್ಕಳದ ಬೆಟ್ಟದ ಮೇಲೆ 1432ರಲ್ಲಿ ಬಾಹುಬಲಿಯನ್ನು ನಿಲ್ಲಿಸಿದ ವೀರಪಾಂಡ್ಯ ಇದೇ ಮನೆತನದವನು. ಧರ್ಮದಿಂದ ಜೈನರಾದರೂ ಕಳಸದ ಶಿವನಿಗೆ ದತ್ತಿ ಬಿಟ್ಟರು. ಈ ಸೀಮೆಯ ಕಲ್ಲುಬರಹಗಳನ್ನು ಬಿ.ಎಲ್. ರೈಸ್ 1901ರಲ್ಲಿ ಕಡೂರು ಜಿಲ್ಲೆಯ ಶಾಸನ ಸಂಪುಟದಲ್ಲಿ ಅಚ್ಚು ಹಾಕಿಸಿದರು. ನಮ್ಮ ಈಗಿನ ಚಿಕ್ಕಮಗಳೂರು ಜಿಲ್ಲೆಗೆ ಆಗ ಇದ್ದ ಹೆಸರು ಕಡೂರು.

ಹಳೇ ದಾನಶಾಸನಗಳ ಕ್ರಮ ಹೆಚ್ಚುಕಮ್ಮಿ ಒಂದೇ. ಯಾರು ಕೊಟ್ಟರು, ಯಾವ ಗದ್ದೆ, ಅದರ ನಾಲ್ಕು ದಿಕ್ಕಿನ ಗಡಿ ಯಾವುದು, ಅದರ ಹುಟ್ಟುವಳಿ ನೈವೇದ್ಯಕ್ಕೋ ದೀಪಕ್ಕೋ ಛತ್ರಕ್ಕೋ ಎಂಬುದೆಲ್ಲ ಇರುತ್ತದೆ. ಕೊನೆಯಲ್ಲಿ ಶಾಪ. ಈ ದಾನವನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೊಲಸಿನಲ್ಲಿ ಹುಳುವಾಗಿ ಬಿದ್ದಿರಲಿ ಎಂಬಂಥ ಮಾತು. ತಾನು ಕೊಡುವುದಕ್ಕಿಂತ ಇನ್ನೊಬ್ಬರು ಕೊಟ್ಟದ್ದನ್ನು ಕಾಪಾಡುವುದರಲ್ಲಿ ಎರಡು ಪಟ್ಟು ಪುಣ್ಯ ಎಂಬ ಮಾತೂ ಇರುತ್ತದೆ.

ಇದನ್ನು ಓದಿದರೆ ಕೊಟ್ಟವರ ಭಯ ಗೊತ್ತಾಗುತ್ತದೆ. 'ನಾನು ಸತ್ತ ಮೇಲೆ ಇದು ನಡೆಯುತ್ತದಾ?' ಐನೂರು, ಆರುನೂರು ವರ್ಷದ ಹಿಂದಿನ ದಾನಿಗೂ ಇದ್ದ ಸಂಶಯ ಇದೇ. ರಾಜ ಬದಲಾದಾಗ ದಾನ ನಿಲ್ಲಬಾರದು ಎಂದೇ ಅವನು ದುಡ್ಡು ಕೊಡದೆ ಭೂಮಿ ಕೊಟ್ಟ. ಭೂಮಿ ಎಲ್ಲಿಗೂ ಓಡಿಹೋಗುವುದಿಲ್ಲವಲ್ಲ.

ಗೇಣಿ ಅಕ್ಕಿ ಯಾರ ದಾನ?

ಆದರೆ ಆ ಭೂಮಿಯನ್ನು ಉತ್ತವರು ರಾಜರಲ್ಲ, ಅರ್ಚಕರೂ ಅಲ್ಲ. ಕೆಸರಿಗಿಳಿದವರು ಗೇಣಿದಾರರು, ಅವರ ಆಳುಗಳು. ದೇವಸ್ಥಾನಕ್ಕೆ ಬರುತ್ತಿದ್ದ ಅಕ್ಕಿ ರಾಜನ ಹೆಸರಿನ ದಾನ, ಉಳುವವನ ಪಾಲಿಗೆ ಗೇಣಿ. ಬೆಳೆ ಬಂದರೂ ಅಳೆಯಬೇಕು, ಬಾರದಿದ್ದರೂ ಸಾಲ ಮಾಡಿ ಅಳೆಯಬೇಕು. ಅನ್ನ ಬೆಳೆದವರಲ್ಲಿ ಎಷ್ಟೋ ಜನಕ್ಕೆ ಗುಡಿಯೊಳಗೆ ಪ್ರವೇಶವೂ ಇರಲಿಲ್ಲ. ಕಲ್ಲಿನ ಮೇಲೆ ಅವರ ಹೆಸರಿಲ್ಲ.

ಸ್ವಾತಂತ್ರ್ಯದ ನಂತರ ಈ ವ್ಯವಸ್ಥೆ ಮುರಿಯಿತು. 1955ರಲ್ಲಿ ಮೈಸೂರು ಸರ್ಕಾರ ಧಾರ್ಮಿಕ ಮತ್ತು ದತ್ತಿ ಇನಾಂಗಳನ್ನು ರದ್ದು ಮಾಡುವ ಕಾಯ್ದೆ ತಂದಿತು. 1974ರ ಭೂಸುಧಾರಣೆಯಲ್ಲಿ ಉಳುವವನೇ ಹೊಲದೊಡೆಯನಾದ. ಗೇಣಿದಾರರ ಮನೆಗೆ ಅದು ನ್ಯಾಯ. ನಮ್ಮಲ್ಲಿ ಕೆಲವರು ಓದಲು ಸಾಧ್ಯವಾದದ್ದೇ ಹಾಗೆ ಬಂದ ಗದ್ದೆಯಿಂದ.

ಗುಡಿಗಳಿಗೆ ಭೂಮಿಯ ಬದಲಿಗೆ ಸಿಕ್ಕಿದ್ದು ತಸ್ತೀಕು, ಅಂದರೆ ಸರ್ಕಾರ ವರ್ಷಕ್ಕಿಷ್ಟು ಎಂದು ಕೊಡುವ ನಗದು. ಭತ್ತದ ಬೆಲೆ ಏರಿದರೆ ಗೇಣಿ ಅಕ್ಕಿಯ ಬೆಲೆಯೂ ಏರುತ್ತಿತ್ತು. ತಸ್ತೀಕು ಹಾಗೆ ತಾನಾಗಿ ಏರುವುದಿಲ್ಲ, ಸರ್ಕಾರ ಮನಸ್ಸು ಮಾಡಿದಾಗ ಮಾತ್ರ ಏರುತ್ತದೆ. ಎಷ್ಟೋ ಹಳ್ಳಿ ಗುಡಿಗಳಲ್ಲಿ ದೀಪದ ಎಣ್ಣೆಗೂ ಲೆಕ್ಕ ಹಾಕುವ ಕಾಲ ಬಂತು. ರಾಜ್ಯದ ಮುಜರಾಯಿ ಪಟ್ಟಿಯಲ್ಲಿ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಿವೆ. ಬಹುಪಾಲು 'ಸಿ' ದರ್ಜೆಯವು, ಅಂದರೆ ವರ್ಷದ ಆದಾಯ 5 ಲಕ್ಷಕ್ಕಿಂತ ಕಡಿಮೆ.

ಅದೇ ಹೊತ್ತಿನಲ್ಲಿ, 1973ರಲ್ಲಿ, ಹೊರನಾಡಿನ ದೇವಸ್ಥಾನ ಜೀರ್ಣೋದ್ಧಾರವಾಗಿ ಪುನಃಪ್ರತಿಷ್ಠೆ ಆಯಿತು. ಮುಂದಿನ ದಶಕಗಳಲ್ಲಿ ಘಾಟಿಯ ತಿರುವುಗಳನ್ನು ದಾಟಿ ಬಸ್ಸುಗಳು ಬಂದವು, ಬಸ್ಸಿನಲ್ಲಿ ಜನ ಬಂದರು. ರಾಜನ ಜಾಗದಲ್ಲಿ ನೂರು ರೂಪಾಯಿ ಕೊಡುವ ಯಾತ್ರಿಕ ದಾನಿಯಾದ. ಅವನಿಗೆ ಕಲ್ಲುಬರಹವೂ ಬೇಡ, ಶಾಪವೂ ಬೇಡ. ತಾನು ಕೊಟ್ಟದ್ದು ಎಲೆಯ ಮೇಲೆ ಬೀಳುವುದನ್ನು ಅವನೇ ಕೂತು ಉಂಡು ನೋಡಿರುತ್ತಾನೆ.

ದೂರದ ದಾನಿ, ಒಂದು ಚಿಕ್ಕ ನಾಣ್ಯ

ಕಣ್ಣಿಗೆ ಕಾಣದ ಊರಿಗೂ ಜನ ಕೊಡುತ್ತಾರಾ? ಕೊಟ್ಟಿದ್ದಾರೆ. ಘಾಟಿ ಇಳಿದರೆ ಮಂಗಳೂರು. ಅಲ್ಲಿಗೆ 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ ಬಂತು. 1843ರಲ್ಲಿ 'ಮಂಗಳೂರ ಸಮಾಚಾರ' ಪತ್ರಿಕೆ ಹೊರಡಿಸಿದವರು ಇದೇ ಮಿಶನ್ನಿನ ಹರ್ಮನ್ ಮೋಗ್ಲಿಂಗ್. ನಮ್ಮ ಪತ್ರಿಕೋದ್ಯಮದ ಪಾಠ ಶುರುವಾಗುವುದೂ ಅಲ್ಲಿಂದಲೇ.

ಮಿಶನ್ನಿಗೆ ದುಡ್ಡು ಬರುತ್ತಿದ್ದುದು ಶ್ರೀಮಂತರಿಂದ ಮಾತ್ರವಲ್ಲ. 1855ರಲ್ಲಿ ಬಾಸೆಲಿನಲ್ಲಿ ವಾರಕ್ಕೊಂದು ಚಿಕ್ಕ ನಾಣ್ಯ ಕೂಡಿಸುವ ಪದ್ಧತಿ ಶುರುವಾಯಿತು. ಬಡವರೂ ಕೊಟ್ಟರು. ಕೊಟ್ಟವರಿಗೆ ಮಿಶನ್ನಿನ ಕೆಲಸದ ಸುದ್ದಿ ಇರುವ ಪತ್ರಿಕೆ ತಲುಪುತ್ತಿತ್ತು. ಸುದ್ದಿಯೇ ಅವರಿಗೆ ಲೆಕ್ಕ. ಉಂಡ ಎಲೆಯ ಕೆಲಸವನ್ನು ಅಲ್ಲಿ ಒಂದು ಹಾಳೆ ಮಾಡಿತು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಮಿಶನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷರು ಸೆರೆಯಲ್ಲಿಟ್ಟರು, ಹೆಂಚಿನ ಕಾರ್ಖಾನೆಗಳು ಕೈತಪ್ಪಿದವು. ಇಲ್ಲಿನ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲಬೇಕಾಯಿತು. ಅಲ್ಲಿ ಕೊಡುವವರ ಮನಸ್ಸು ಕೆಟ್ಟಿರಲಿಲ್ಲ, ದಾರಿ ಮುಚ್ಚಿತ್ತು.

ಕೈ ಖಾಲಿಯೋ, ಮನಸ್ಸು ಮುರಿಯಿತೋ?

ಅಲ್ಲಿಗೆ ಕಾರಣ ಎರಡು ಬಗೆ. ಒಂದು, ಕೊಡಲು ಆಗದೆ ನಿಲ್ಲಿಸುವುದು. ಇನ್ನೊಂದು, ಕೊಡಲು ಮನಸ್ಸಾಗದೆ ನಿಲ್ಲಿಸುವುದು.

ಮೊದಲನೆಯದನ್ನು ಕಾಫಿ ಸೀಮೆಗೆ ಹೇಳಿಕೊಡಬೇಕಿಲ್ಲ. 1994ರಲ್ಲಿ ಬ್ರೆಜಿಲಿನಲ್ಲಿ ಹಿಮ ಬಿದ್ದು ಬೆಲೆ ಮೇಲೆದ್ದಿತು. 2001ರ ಹೊತ್ತಿಗೆ ಜಗತ್ತಿನ ಕಾಫಿ ಬೆಲೆ ದಶಕಗಳಲ್ಲೇ ಕೆಳಗೆ ಬಿತ್ತು. ತೋಟದ ಕೂಲಿಗೇ ದುಡ್ಡಿಲ್ಲದಾಗ ಚಂದಾ ಎಲ್ಲಿಂದ? ಆದರೆ ಇಂಥ ನಿಲುಗಡೆ ತಾತ್ಕಾಲಿಕ. ಚೀಲ ಕೊಡುತ್ತಿದ್ದವರು ಸೇರು ಕೊಡುತ್ತಾರೆ, ಬೆಲೆ ಬಂದ ವರ್ಷ ಮತ್ತೆ ಹೊರೆಕಾಣಿಕೆ ಹೊರುತ್ತಾರೆ. 2020ರ ಮಾರ್ಚಿನಲ್ಲಿ ಕೊರೊನಾದಿಂದ ದೇವಸ್ಥಾನಗಳು ಮುಚ್ಚಿದಾಗಲೂ ಹಾಗೇ. ಬಾಗಿಲು ತೆರೆದ ಮೇಲೆ ಜನ ಬಂದರು.

ಎರಡನೆಯದು ಕಷ್ಟದ್ದು. ನಮ್ಮದೇ ಒಂದು ಊರಿನಲ್ಲಿ ಗುಡಿ ಜೀರ್ಣೋದ್ಧಾರಕ್ಕೆ ಎಲ್ಲರೂ ಕೊಟ್ಟರು. ಕೂಲಿಯವರು ಎರಡು ದಿನದ ಸಂಬಳ ಕೊಟ್ಟರು. ಕಳಶೋತ್ಸವದ ದಿನ ವೇದಿಕೆ ಮೇಲೆ ದೊಡ್ಡ ಮೊತ್ತ ಕೊಟ್ಟವರಿಗೆ ಶಾಲು ಹೊದಿಸಿದರು. ಖರ್ಚಿನ ಪಟ್ಟಿಯನ್ನು ಯಾವತ್ತೂ ಓದಲಿಲ್ಲ. ಮರುವರ್ಷ ಜಾತ್ರೆಗೆ ಚಂದಾ ಅರ್ಧಕ್ಕಿಳಿಯಿತು. ಯಾಕಜ್ಜಾ ಎಂದು ಒಬ್ಬರನ್ನು ಕೇಳಿದೆವು. 'ಕೊಡಕ್ಕೆ ಬೇಜಾರಿಲ್ಲ ಮಾರಾಯ. ಏನಾಯ್ತು ಅಂತ ಒಂದು ಮಾತು ಹೇಳ್ಬೇಕಲ್ವಾ?' ಎಂದರು. ಅಲ್ಲಿ ಯಾರೂ ದುಡ್ಡು ತಿಂದಿರಲಿಲ್ಲ ಎಂದೇ ನಮ್ಮ ನಂಬಿಕೆ. ಲೆಕ್ಕ ಹೇಳದೇ ಇದ್ದದ್ದೇ ಸಾಕಾಯಿತು.

ಹುಂಡಿ ದುಡ್ಡು ಎಲ್ಲಿಗೆ ಹೋಗುತ್ತದೆ ಎಂಬ ಜಗಳ ವಿಧಾನಸೌಧಕ್ಕೂ ಹೋಗಿದೆ. ದೊಡ್ಡ ದೇವಸ್ಥಾನಗಳ ಆದಾಯದಲ್ಲಿ ಒಂದು ಪಾಲನ್ನು ಸಾಮಾನ್ಯ ನಿಧಿಗೆ ತೆಗೆಯುವ ಮಸೂದೆ 2024ರ ಫೆಬ್ರವರಿಯಲ್ಲಿ ವಿಧಾನ ಪರಿಷತ್ತಿನಲ್ಲಿ ಬಿದ್ದು, ವಿಧಾನಸಭೆಯಲ್ಲಿ ಮತ್ತೆ ಪಾಸಾಯಿತು. ಆಗ ನಮ್ಮ ವಾಟ್ಸಾಪ್ ಗುಂಪುಗಳೆಲ್ಲ ಬಿಸಿಯಾಗಿದ್ದವು. ಆದರೆ ನಮ್ಮೂರ ಗುಡಿಯ ಕಳೆದ ವರ್ಷದ ಲೆಕ್ಕ ಎಲ್ಲಿ ಎಂದು ಅದೇ ಗುಂಪಿನಲ್ಲಿ ಒಬ್ಬರೂ ಕೇಳಲಿಲ್ಲ. ನಾವೂ ಕೇಳಿರಲಿಲ್ಲ.

ಹಳೇ ದಾನಿ ಶಾಪ ಹಾಕಿ ದಾನ ಉಳಿಸಲು ನೋಡಿದ. ಶಾಪದಿಂದ ಭೂಮಿ ಉಳಿಯಲಿಲ್ಲ. ಹೊರನಾಡಿನಲ್ಲಿ ದಾನ ಇನ್ನೂ ಬರುತ್ತಿರುವುದಕ್ಕೆ ಭಕ್ತಿಯ ಜೊತೆಗೆ ಕೊಟ್ಟದ್ದು ಕಣ್ಣಿಗೆ ಕಾಣುವುದೂ ಕಾರಣ ಎಂದು ನಮಗನಿಸುತ್ತದೆ. ಪ್ರತಿ ಊರಿನ ಗುಡಿಯೂ ಹೊರನಾಡಾಗಲು ಸಾಧ್ಯವಿಲ್ಲ. ಗುಡಿ, ಮಸೀದಿ, ಇಗರ್ಜಿ, ಶಾಲೆಯ ಹಳೇ ವಿದ್ಯಾರ್ಥಿ ಸಂಘ, ಯಾವುದೇ ಇರಲಿ, ಬಂದದ್ದು ಇಷ್ಟು, ಖರ್ಚಾದದ್ದು ಇಷ್ಟು, ಉಳಿದದ್ದು ಇಷ್ಟು ಎಂದು ಒಂದು ಹಾಳೆ ಬರೆದು ಬಾಗಿಲಿಗೆ ಅಂಟಿಸಬಹುದು. ನೂರು ರೂಪಾಯಿ ಕೊಟ್ಟವರ ಹೆಸರೂ ಅದರಲ್ಲಿರಲಿ. ಮುಂದಿನ ಜಾತ್ರೆಗೆ ಚಂದಾ ಪುಸ್ತಕ ಹಿಡಿದು ಹೊರಡುವ ಮೊದಲು ಈ ಕೆಲಸ ಆಗಲಿ.