ನೀಲಿ ಸೀಮೆಎಣ್ಣೆ, ಬಣ್ಣದ ಸೋಪು

ಬೆಂಗಳೂರಿನ ವಿಲ್ಸನ್ ಗಾರ್ಡನ್‌ನಿಂದ ಹೊಸೂರು ರಸ್ತೆಯತ್ತ ಹೊರಟರೆ, ನಿಮ್ಹಾನ್ಸ್ ಮತ್ತು ಕಿದ್ವಾಯಿ ಆಸ್ಪತ್ರೆಗಳ ಆಸುಪಾಸಿನಲ್ಲೇ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸಿಗುತ್ತದೆ. ನಮ್ಮ ದೇಶದ ಇಂಥ ಆಸ್ಪತ್ರೆಗಳಿಗೆ ಮನೆಯೊಳಗಿನ ವಿಷ ಕುಡಿದು ಬರುತ್ತಿದ್ದ ಕೂಸುಗಳು ದಶಕಗಳ ಕಾಲ ಎಲ್ಲಕ್ಕಿಂತ ಹೆಚ್ಚಾಗಿ ಕುಡಿದಿರುತ್ತಿದ್ದುದು ಸೀಮೆಎಣ್ಣೆಯನ್ನು. ವಠಾರದ ಪುಟ್ಟ ಮನೆಗಳಲ್ಲಿ ಸ್ಟವ್ ಇರುತ್ತಿದ್ದುದೇ ನೆಲದ ಮೇಲೆ. ರೇಷನ್ ಅಂಗಡಿಯ ಎಣ್ಣೆ ಕುಡಿಯುವ ನೀರಿನಂಥದೇ ಬಾಟಲಿಗೆ ಇಳಿಯುತ್ತಿತ್ತು, ಸುರಿದು ಮಿಕ್ಕದ್ದು ಲೋಟದಲ್ಲಿ ಉಳಿಯುತ್ತಿತ್ತು. ಬಾಯಾರಿದ ಎರಡು ವರ್ಷದ ಮಗುವಿಗೆ ಲೋಟವೆಂದರೆ ನೀರು. ಆ ಎಣ್ಣೆಯ ಕೇಡು ಹೊಟ್ಟೆಗಿಂತ ಶ್ವಾಸಕೋಶಕ್ಕೆ ಹೆಚ್ಚು. ಗಾಬರಿಯಲ್ಲಿ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದರೆ ಅದು ಮತ್ತೊಮ್ಮೆ ಗಂಟಲು ಹಾಯುವಾಗ ಉಸಿರಿಗೆ ಸೇರಿಕೊಳ್ಳಬಹುದು. ಅಡುಗೆಮನೆಗೆ ಗ್ಯಾಸ್ ಬಂದು ಸ್ಟವ್ ಹೊರಬಿದ್ದಲ್ಲೆಲ್ಲ ಈ ಅವಘಡವೂ ಕರಗಿತು. ತಾಯಂದಿರು ಮೊದಲಿಗಿಂತ ಎಚ್ಚರವಾದದ್ದಕ್ಕಲ್ಲ. ಆ ಲೋಟವೇ ಇಲ್ಲವಾದದ್ದಕ್ಕೆ. ಮಗುವನ್ನು ಕಾಯುವುದು ಯಾರದೋ ಕಣ್ಣಿಗಿಂತ ಮೊದಲು ವಸ್ತುವಿನ ರೂಪ ಎಂದು ನಾನು ನಂಬಿರುವುದು ಇದರಿಂದಲೇ.

ಬಟ್ಟೆ ಒಗೆತದ ಚರಿತ್ರೆ ಸೀಮೆಎಣ್ಣೆಯದಕ್ಕೆ ತಿರುವುಮುರುವಾಗಿ, ಹೊರಗಿನಿಂದ ಮನೆಯೊಳಕ್ಕೆ ನಡೆದಿದೆ. ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನಲ್ಲಿ ನೆನೆಸಿ, ಉಬ್ಬೆಗೆ ಹಾಕಿ, ಕಲ್ಲಿಗೆ ಒಗೆಯುತ್ತಿದ್ದ ಕಾಲದಲ್ಲಿ ಕ್ಷಾರವೆಲ್ಲ ಕೆರೆದಂಡೆಯಲ್ಲೇ ಇತ್ತು. ಮನೆಯಲ್ಲಿದ್ದುದು ಹೆಚ್ಚೆಂದರೆ ಅಂಟುವಾಳ, ಸೀಗೆಕಾಯಿ. ಆಮೇಲೆ ಸೋಪಿನ ಬಾರು ಬಚ್ಚಲಿಗೆ ಬಂತು. 1959ರಲ್ಲಿ ಸರ್ಫ್, 1969ರಲ್ಲಿ ನಿರ್ಮಾ ಪುಡಿಯಾಗಿ ಬಂದವು. ಪುಡಿ ಬಾಯಿಗೆ ಬಿದ್ದರೆ ನಾಲಿಗೆ ಉರಿದು ಮಗು ಉಗುಳುತ್ತದೆ, ಸಾಮಾನ್ಯವಾಗಿ ವಾಂತಿಯಲ್ಲಿ ಮುಗಿಯುತ್ತದೆ. ಈಗ ವಾಷಿಂಗ್ ಮಷೀನಿನ ಬೆನ್ನಿಗೆ ಕ್ಯಾಪ್ಸೂಲ್ ಬಂದಿದೆ: ನೀರು ತಾಗಿದರೆ ಕರಗುವ ತೆಳು ಪೊರೆ, ಒಳಗೆ ಒತ್ತಾಗಿ ತುಂಬಿದ ಗಟ್ಟಿ ದ್ರವ, ಮೇಲೆ ಮಿಠಾಯಿಯ ಬಣ್ಣ. ನೀರಿಗೆ ಕರಗುವುದು ಜೊಲ್ಲಿಗೂ ಕರಗುತ್ತದೆ. ಕಚ್ಚಿದೊಡನೆ ದ್ರವ ಗಂಟಲಿಗೆ ಚಿಮ್ಮುತ್ತದೆ. ಉಗುಳಲು ಪುರುಸೊತ್ತೇ ಇಲ್ಲ. ಕೆಮ್ಮು, ಮಂಪರು, ಉಸಿರಾಟದ ತೊಂದರೆ, ಕಣ್ಣಿಗೆ ಸಿಡಿದರೆ ಸುಟ್ಟ ಗಾಯ. ಅಮೆರಿಕದಲ್ಲಿ 2012 ಮತ್ತು 2013ರ ಎರಡೇ ವರ್ಷದಲ್ಲಿ ಆರು ವರ್ಷದೊಳಗಿನ 17,230 ಮಕ್ಕಳ ಪ್ರಕರಣಗಳು ಅಲ್ಲಿನ ವಿಷ ಮಾಹಿತಿ ಕೇಂದ್ರಗಳಿಗೆ ವರದಿಯಾದವು.

ಇದು ಉಳ್ಳವರ ಮನೆಯ ಸಂಗತಿ, ಇಲ್ಲಿ ಕ್ಯಾಪ್ಸೂಲ್ ಕೊಳ್ಳುವವರೆಷ್ಟು ಮಂದಿ ಎಂದು ಕೇಳಬಹುದು. ಸರ್ಫ್ ಬಂದಾಗಲೂ ಅದು ಕೆಲವರದೇ ಆಗಿತ್ತು. ಅಗ್ಗದ ನಿರ್ಮಾ ಪುಡಿಯನ್ನು ಮನೆಮನೆಗೂ ತಲುಪಿಸಿತು. ಕ್ಯಾಪ್ಸೂಲಿಗೂ ಅಂಥ ದಿನ ಬಂದರೆ ಮಕ್ಕಳನ್ನು ಕಾಯುವ ನಿಯಮ ಅದಕ್ಕೆ ಮೊದಲೇ ಇರಬೇಕು. ಇನ್ನೊಂದು ಮಾತು ಹೆಚ್ಚು ಗಟ್ಟಿಯಾದದ್ದು: ಮಕ್ಕಳ ಕೈಗೆ ಸಿಗದಂತೆ ಇಡುವುದು ಹೆತ್ತವರ ಹೊಣೆಯಲ್ಲವೇ? ಹೊಣೆಯೇ. ಆದರೆ ದಕ್ಷಿಣ ಆಫ್ರಿಕದಲ್ಲಿ ಸೀಮೆಎಣ್ಣೆ ಬಳಸುವ ಮನೆಗಳಿಗೆ ಮಕ್ಕಳು ತೆರೆಯಲಾರದ ಮುಚ್ಚಳದ ಡಬ್ಬಿಗಳನ್ನು ಪುಕ್ಕಟೆ ಹಂಚಿದಾಗ, ಮಕ್ಕಳು ಎಣ್ಣೆ ಕುಡಿದ ಪ್ರಕರಣಗಳು ಸುಮಾರು ಅರ್ಧಕ್ಕೆ ಇಳಿದವು. ಹೆತ್ತವರು ಅವರೇ, ಎಣ್ಣೆಯೂ ಅದೇ, ಬದಲಾದದ್ದು ಮುಚ್ಚಳ. ಯುರೋಪು 2015ರಿಂದ ಕ್ಯಾಪ್ಸೂಲಿನ ಡಬ್ಬಿ ಒಳಗಿನದು ಕಾಣದಂತಿರಬೇಕು, ಪೊರೆಯಲ್ಲಿ ಕಹಿ ಇರಬೇಕು, ನೀರಿನಲ್ಲಿ ಕನಿಷ್ಠ 30 ಸೆಕೆಂಡಾದರೂ ಒಳಗಿನದನ್ನು ಹಿಡಿದಿಟ್ಟುಕೊಳ್ಳಬೇಕು ಎಂದು ಕಡ್ಡಾಯ ಮಾಡಿತು. ಅದರಿಂದ ಕ್ಯಾಪ್ಸೂಲಿನ ವ್ಯಾಪಾರವೇನೂ ನಿಂತುಹೋಗಲಿಲ್ಲ.

ಅಂಥ ನಿಯಮ ಇಲ್ಲಿಗೂ ಬರುವವರೆಗೆ, ಮಗು ಕ್ಯಾಪ್ಸೂಲ್ ಕಚ್ಚಿದರೆ ಬಾಯಿ ತೊಳೆಯಬೇಕು, ವಾಂತಿ ಮಾಡಿಸಕೂಡದು, ಡಬ್ಬಿಯನ್ನೂ ಎತ್ತಿಕೊಂಡು ಆಸ್ಪತ್ರೆಗೆ ಓಡಬೇಕು. ದೆಹಲಿಯ ಏಮ್ಸ್‌ನಲ್ಲಿ 1995ರಿಂದ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ. ನಿಯಮ ಮಾಡುವುದು ನಮಗೆ ಅಸಾಧ್ಯವೆಂದು ಮಾತ್ರ ಯಾರೂ ಹೇಳುವಂತಿಲ್ಲ. ಕಲಬೆರಕೆದಾರರು ಡೀಸೆಲ್‌ಗೆ ಬೆರೆಸದಿರಲೆಂದು ನಮ್ಮ ಸರ್ಕಾರವೇ ರೇಷನ್ ಸೀಮೆಎಣ್ಣೆಗೆ ದೇಶಾದ್ಯಂತ ನೀಲಿ ಬಣ್ಣ ಹಾಕಿಸಿತ್ತು. ಆ ನೀಲಿ ಎಣ್ಣೆಯ ಬಾಟಲಿಗೆ ಮಗು ತೆರೆಯಲಾಗದ ಒಂದು ಮುಚ್ಚಳ ಮಾತ್ರ ಬರಲೇ ಇಲ್ಲ.