ಬೀದಿ ಮಕ್ಕಳ ಪುನರ್ವಸತಿಯಲ್ಲಿ ದೀರ್ಘಕಾಲದ ಒಡನಾಟ: ಬೆಂಗಳೂರಿನ ಅನುಭವ

ಬೀದಿಯಲ್ಲಿ ಬದುಕುವ ಮಗುವನ್ನು ಕೂಡಲೇ ಪಾಲನಾ ಸಂಸ್ಥೆಗೆ ಸೇರಿಸುವ ಕ್ರಮಕ್ಕೆ ಬದಲಾಗಿ, ಅದು ಇರುವಲ್ಲಿಗೇ ಹೋಗಿ ವರ್ಷಗಟ್ಟಲೆ ಒಡನಾಡಿ, ಬೀದಿ ಬಿಡುವ ತೀರ್ಮಾನಕ್ಕೆ ಮಗುವೇ ಬರುವಂತೆ ಮಾಡುವ ಮಾರ್ಗವೊಂದಿದೆ. ಬೆಂಗಳೂರಿನಲ್ಲಿ ಈ ಮಾರ್ಗ ಹಿಡಿದ ಸಂಸ್ಥೆಗಳಲ್ಲಿ ಬಾಸ್ಕೋ ಎಂದು ಹೆಸರಾದ ಬೆಂಗಳೂರು ಓಣಿಯವರ ಸೇವಾ ಕೂಟ ಮುಖ್ಯವಾದುದು. 1980ರಲ್ಲಿ ಸಲೇಶಿಯನ್ ಸಭೆಯ ವಿದ್ಯಾರ್ಥಿಗಳು ಬೀದಿಯ ಹುಡುಗರ ಸ್ನೇಹ ಬೆಳೆಸಿದ್ದರಿಂದ ಅದು ಹುಟ್ಟಿತು. ವಸತಿಗೃಹಗಳು ಬಂದದ್ದು ಆಮೇಲೆ.

ಈ ಸ್ನೇಹಕ್ಕೆ ಕಾಲ ಹಿಡಿಯುವುದೇಕೆಂಬುದು ಮಗುವಿನ ದಿನಚರಿಯಲ್ಲೇ ಕಾಣುತ್ತದೆ. ಮನೆಯ ಹೊಡೆತ, ತಂದೆಯ ಕುಡಿತ, ಶಾಲೆಯ ಅವಮಾನ ತಾಳಲಾರದೆ ರೈಲು ಹತ್ತಿ ಬಂದ ಹುಡುಗ ಮೆಜೆಸ್ಟಿಕ್‌ನಲ್ಲೋ ಕಲಾಸಿಪಾಳ್ಯದಲ್ಲೋ ಚಿಂದಿ ಆಯುತ್ತಾನೆ. ಎಷ್ಟೋ ಸಲ ಅವನಿಗೆ ಸಾಲ ಕೊಡುವವನೂ ರಾತ್ರಿ ಮಲಗಲು ಜಾಗ ಕೊಡುವವನೂ ಗುಜರಿ ಅಂಗಡಿಯವನೇ. ದೊಡ್ಡವರೆಂದರೆ ಹೊಡೆಯುವವರು, ಇಲ್ಲವೇ ದುಡಿಸಿಕೊಳ್ಳುವವರು ಎಂದು ಕಂಡುಕೊಂಡಿರುವ ಅವನು ಕೇಳಿದವರಿಗೆಲ್ಲ ಬೇರೆ ಬೇರೆ ಹೆಸರು, ಬೇರೆ ಬೇರೆ ಊರು ಹೇಳುತ್ತಾನೆ. ಅನುಭವಿ ಕಾರ್ಯಕರ್ತರು ಅದನ್ನು ಕೆದಕುವುದಿಲ್ಲ. ಗಾಜು ಚುಚ್ಚಿದ ಪಾದ ತೊಳೆದು ಪಟ್ಟಿ ಕಟ್ಟುತ್ತಾರೆ. ಮಾರನೆಯ ದಿನ ಹೇಳಿದ ಹೊತ್ತಿಗೆ ಪಟ್ಟಿ ಬದಲಿಸಲು ಬರುತ್ತಾರೆ. ಬಂದರೋ ಇಲ್ಲವೋ ಎಂಬುದನ್ನು ಹುಡುಗ ಗಮನಿಸುತ್ತಲೇ ಇರುತ್ತಾನೆ. ಗಳಿಸಿದ ಹಣವನ್ನು ‘ಅಣ್ಣ, ಇಟ್ಕೊಂಡಿರಿ’ ಎಂದು ಕೊಟ್ಟ ದಿನ ನಂಬಿಕೆ ಕುದುರಿತೆಂದು ತಿಳಿಯಬಹುದು. ನಿಜವಾದ ಊರಿನ ಹೆಸರು ಬಹುಮಟ್ಟಿಗೆ ಅದಾದ ಮೇಲೆಯೇ ಬಾಯಿಗೆ ಬರುತ್ತದೆ.

ಕಾನೂನು ಇಷ್ಟು ಕಾಲ ಕಾಯುವುದಿಲ್ಲ. 2015ರ ಬಾಲನ್ಯಾಯ ಕಾಯ್ದೆಯಂತೆ, ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವ ಮಗುವನ್ನು ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಾಗಾಟದ, ಲೈಂಗಿಕ ಶೋಷಣೆಯ ಅಪಾಯವಿರುವಲ್ಲಿ ಈ ತುರ್ತು ಅನಿವಾರ್ಯ, ಅದನ್ನು ಸಡಿಲಿಸಬಾರದು. ಆದರೆ ಓಡಿಬರಲು ಕಾರಣವಾದದ್ದು ಮನೆಯಲ್ಲಿ ಹಾಗೆಯೇ ಉಳಿದಿರುವಾಗ ಹುಡುಗನನ್ನು ಅಲ್ಲಿಗೇ ಕಳುಹಿಸಿದರೆ, ಅವನು ಮತ್ತೆ ರೈಲು ಹತ್ತುವ ಸಂಭವವೇ ಹೆಚ್ಚು. ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಸಮಿತಿಯೂ 2017ರ ತನ್ನ 21ನೆಯ ಸಾಮಾನ್ಯ ಅಭಿಪ್ರಾಯದಲ್ಲಿ ಬೀದಿ ಮಕ್ಕಳನ್ನು ಬಲವಂತದಿಂದ ಎತ್ತಿಕೊಂಡು ಹೋಗುವುದನ್ನು ವಿರೋಧಿಸಿದೆ.

ಒಡನಾಟದ ಈ ಕೆಲಸಕ್ಕೆ ದೊಡ್ಡ ತೊಡಕು ಹಣಕಾಸಿನದು. ಯೋಜನೆಯ ಹಣ ಸಾಮಾನ್ಯವಾಗಿ ವರ್ಷದ ಲೆಕ್ಕದಲ್ಲಿ ಬರುತ್ತದೆ, ಕಾರ್ಯಕರ್ತರ ಗುತ್ತಿಗೆಯೂ ಹಾಗೆಯೇ. ಒಬ್ಬರು ಬಿಟ್ಟುಹೋದರೆ ಮಗುವಿನ ಪಾಲಿಗೆ ಇನ್ನೊಬ್ಬ ದೊಡ್ಡವರು ಕೈಬಿಟ್ಟಂತಾಗುತ್ತದೆ. ಹೊಸಬರು ಮತ್ತೆ ಮೊದಲಿಂದ ಶುರು ಮಾಡಬೇಕು. ರಕ್ಷಿಸಿದ ಮಕ್ಕಳ ಸಂಖ್ಯೆಯನ್ನಷ್ಟೇ ಕೇಳುವ ವರದಿಗಳಲ್ಲಿ ಈ ನಷ್ಟ ಕಾಣುವುದಿಲ್ಲ. 18 ತುಂಬಿ ಸಂಸ್ಥೆ ಬಿಡುವವರ ವಿಷಯದಲ್ಲಂತೂ ಇದು ಇನ್ನೂ ಗಂಭೀರ. ಕಾಯ್ದೆಯ 46ನೆಯ ಸೆಕ್ಷನ್ ಅವರಿಗೆ ಆರ್ಥಿಕ ನೆರವಿನ ಅವಕಾಶ ಕಲ್ಪಿಸಿದೆ. ಬಾಡಿಗೆ ಕೋಣೆಗೆ ಜವಾಬ್ದಾರಿ ಹೊರುವ, ಕೆಲಸ ಹೋದ ದಿನ ಫೋನ್ ಎತ್ತುವ, ಮದುವೆಯ ಮಾತುಕತೆಗೆ ಜೊತೆಗೆ ಕೂರುವ ಹಿರಿಯರೂ ಅವರಿಗೆ ಬೇಕಾಗುತ್ತಾರೆ.