ರಚನೆ ಮತ್ತು ರೂಪ: ಎಚ್‌ಟಿಎಂಎಲ್ ಹಾಗೂ ಸಿಎಸ್‌ಎಸ್‌ಗಳ ಚಾರಿತ್ರಿಕ ಬೆಳವಣಿಗೆ

ವೆಬ್ ಪುಟ ಕಟ್ಟುವುದನ್ನು ಕಲಿಯುವವರಿಗೆ ಮೊದಲು ಹೇಳಿಕೊಡುವ ನಿಯಮವೆಂದರೆ, ಬರೆಹದ ರಚನೆಯನ್ನು ಎಚ್‌ಟಿಎಂಎಲ್‌ನಲ್ಲಿಯೂ ಅದು ಪರದೆಯ ಮೇಲೆ ಕಾಣಿಸಿಕೊಳ್ಳುವ ರೂಪವನ್ನು ಸಿಎಸ್‌ಎಸ್‌ನಲ್ಲಿಯೂ ಬೇರೆ ಬೇರೆಯಾಗಿ ಬರೆಯಬೇಕು ಎಂಬುದು. ಶೀರ್ಷಿಕೆ ಯಾವುದು, ಪ್ಯಾರಾ ಯಾವುದು, ಪಟ್ಟಿ ಯಾವುದು ಎಂದು ತಿಳಿಸುವುದು ಮೊದಲನೆಯದರ ಕೆಲಸ. ಅಕ್ಷರದ ಗಾತ್ರ, ಬಣ್ಣ, ಅಂಚು, ಸಾಲುಗಳ ಅಂತರ ಇವನ್ನು ನಿರ್ಧರಿಸುವುದು ಎರಡನೆಯದರ ಕೆಲಸ. ಈ ವಿಂಗಡಣೆ ವೆಬ್‌ನ ಹುಟ್ಟಿನಲ್ಲೇ ಇದ್ದು, 1990ರ ದಶಕದ ವಾಣಿಜ್ಯ ಪೈಪೋಟಿಯಲ್ಲಿ ಕಳೆದುಹೋಗಿ, ಅನಂತರ ಬಹಳ ಶ್ರಮದಿಂದ ಮರುಸ್ಥಾಪನೆಗೊಂಡಿತು ಎಂಬುದನ್ನೂ, ಕನ್ನಡದ ಜಾಲಪುಟಗಳಿಗೆ ಇದರಿಂದಾದ ಪರಿಣಾಮವನ್ನೂ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಆರಂಭದ ಸ್ವರೂಪ

ಸ್ವಿಟ್ಜರ್‌ಲೆಂಡಿನ ಜಿನೀವಾ ಬಳಿಯ ಸರ್ನ್ ಭೌತವಿಜ್ಞಾನ ಪ್ರಯೋಗಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ 1989ರ ಮಾರ್ಚ್‌ನಲ್ಲಿ ಸಂಸ್ಥೆಯ ಮಾಹಿತಿ ನಿರ್ವಹಣೆಯ ಬಗ್ಗೆ ಸಲ್ಲಿಸಿದ ಪ್ರಸ್ತಾವವೇ ವೆಬ್‌ಗೆ ಮೂಲ. ಅಲ್ಲಿನ ಸಂಶೋಧಕರು ಒಂದಕ್ಕೊಂದು ಹೊಂದದ ಹಲವು ಬಗೆಯ ಕಂಪ್ಯೂಟರುಗಳನ್ನು ಬಳಸುತ್ತಿದ್ದುದರಿಂದ, ದಸ್ತಾವೇಜು ಹೇಗೆ ಕಾಣಬೇಕೆಂದು ವಿಧಿಸದೆ ಅದರ ಯಾವ ಭಾಗ ಏನೆಂಬುದನ್ನಷ್ಟೇ ಗುರುತಿಸುವ ಭಾಷೆ ಬೇಕಾಗಿತ್ತು. ಈ ಕಲ್ಪನೆ ಹೊಸದೇನಲ್ಲ. ಐಬಿಎಂನಲ್ಲಿ ಚಾರ್ಲ್ಸ್ ಗೋಲ್ಡ್‌ಫಾರ್ಬ್ ಮತ್ತು ಸಹೋದ್ಯೋಗಿಗಳು 1969ರಿಂದ ಬೆಳೆಸಿದ ಗುರುತು ಭಾಷೆಯು ಎಸ್‌ಜಿಎಂಎಲ್ ಎಂಬ ಹೆಸರಿನಲ್ಲಿ 1986ರಲ್ಲಿ ಅಂತರರಾಷ್ಟ್ರೀಯ ಮಾನಕವಾಗಿತ್ತು. ಸರ್ನ್‌ನಲ್ಲಿಯೂ ಅದರ ಒಂದು ರೂಪ ಬಳಕೆಯಲ್ಲಿತ್ತು.

ಬರ್ನರ್ಸ್-ಲೀ ಶೀರ್ಷಿಕೆ, ಪ್ಯಾರಾ, ಪಟ್ಟಿಗಳ ಟ್ಯಾಗ್‌ಗಳನ್ನು, ಅಂದರೆ ಬರೆಹದ ನಡುವೆ ಕೋನಾಕಾರದ ಆವರಣದಲ್ಲಿ ಇಡುವ ಗುರುತುಗಳನ್ನು, ಬಹುಮಟ್ಟಿಗೆ ಅಲ್ಲಿಂದಲೇ ಎತ್ತಿಕೊಂಡು, ಒಂದು ಪುಟದಿಂದ ಇನ್ನೊಂದಕ್ಕೆ ಕೊಂಡಿ ಹಾಕುವ ‘ಎ’ ಟ್ಯಾಗ್ ಅನ್ನು ತಾವೇ ಸೇರಿಸಿದರು. 1991ರ ಕೊನೆಯಲ್ಲಿ ಹಂಚಿಕೆಯಾದ ಮೊದಲ ವಿವರಣೆಯಲ್ಲಿ ಇದ್ದುದು 18 ಟ್ಯಾಗ್‌ಗಳು ಮಾತ್ರ. ಅದರಲ್ಲಿ ‘ಪಿ’ ಟ್ಯಾಗ್ ಎರಡು ಪ್ಯಾರಾಗಳನ್ನು ಬೇರ್ಪಡಿಸುವ ಒಂಟಿ ಗುರುತಾಗಿತ್ತು. ಆರಂಭ ಮತ್ತು ಅಂತ್ಯದ ಗುರುತುಗಳ ನಡುವೆ ಇಡೀ ಪ್ಯಾರಾವನ್ನು ಹಿಡಿದಿಡುವ ಇಂದಿನ ಕ್ರಮ ಆಮೇಲೆ ಬಂದದ್ದು.

ರೂಪದ ಮೋಹ

1993ರ ಏಪ್ರಿಲ್ 30ರಂದು ಸರ್ನ್ ವೆಬ್‌ನ ತಂತ್ರಾಂಶವನ್ನು ಸಾರ್ವಜನಿಕರಿಗೆ ಮುಕ್ತಗೊಳಿಸಿತು. ಅದೇ ವರ್ಷ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಆಂಡ್ರೀಸನ್ ಮತ್ತು ಎರಿಕ್ ಬೀನಾ ರೂಪಿಸಿದ ಮೊಸಾಯಿಕ್ ಬ್ರೌಸರ್, ಬರೆಹದ ನಡುವೆಯೇ ಚಿತ್ರ ತೋರಿಸುವ ‘ಐಎಂಜಿ’ ಟ್ಯಾಗ್‌ನೊಡನೆ ಬಂದಾಗ ವೆಬ್ ಸಾಮಾನ್ಯ ಓದುಗರ ಕಣ್ಣಿಗೆ ಬಿತ್ತು. 1994ರಲ್ಲಿ ಬಂದ ನೆಟ್‌ಸ್ಕೇಪ್ ಮತ್ತು ಮರುವರ್ಷ ಕಣಕ್ಕಿಳಿದ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ನಡುವಿನ ಪೈಪೋಟಿಯಲ್ಲಿ, ಅಕ್ಷರದ ಬಣ್ಣ ಮತ್ತು ಗಾತ್ರ ಬದಲಿಸುವ ‘ಫಾಂಟ್’ ಟ್ಯಾಗ್, ಸಾಲನ್ನು ನಡುವಿಗೆ ತರುವ ‘ಸೆಂಟರ್’ ಟ್ಯಾಗ್ ಮುಂತಾದವು ರಚನೆಯ ಭಾಷೆಯೊಳಗೇ ನುಸುಳಿದವು. 1997ರ ಜನವರಿಯ ಎಚ್‌ಟಿಎಂಎಲ್ 3.2 ಆವೃತ್ತಿ ಇವಕ್ಕೆ ಅಧಿಕೃತ ಮುದ್ರೆಯನ್ನೂ ಒತ್ತಿತು.

ಅಂಕಿಅಂಶಗಳಿಗೆಂದು ಮಾಡಿದ ಕೋಷ್ಟಕದ ಟ್ಯಾಗ್ ಅನ್ನು ಪುಟವನ್ನು ಕಾಲಂಗಳಾಗಿ ಒಡೆಯಲು ಬಳಸುವುದು, ಖಾಲಿ ಜಾಗ ಹುಟ್ಟಿಸಲು ಒಂದೇ ಪಿಕ್ಸೆಲ್‌ನ ಪಾರದರ್ಶಕ ಚಿತ್ರವನ್ನು ತುಂಬುವುದು ಇಂತಹ ಉಪಾಯಗಳನ್ನು 1996ರಲ್ಲಿ ಡೇವಿಡ್ ಸೀಗಲ್ ಅವರ ಪುಸ್ತಕ ಜನಪ್ರಿಯಗೊಳಿಸಿತು. ಯಾವುದೇ ಪುಟದ ಮೂಲ ಬರೆಹವನ್ನು ತೆರೆದು ನೋಡುವ ಸೌಲಭ್ಯ ಬ್ರೌಸರ್‌ನಲ್ಲೇ ಇದ್ದುದರಿಂದ, ಆ ಕಾಲದ ಕಲಿಯುವವರು ಪರರ ಪುಟ ನೋಡಿಯೇ ವಿದ್ಯೆ ಕಲಿತರು. ಅದರ ಜೊತೆಗೆ ಈ ಅಡ್ಡದಾರಿಗಳನ್ನೂ ಕಲಿತರು.

ಸಿಎಸ್‌ಎಸ್‌ನ ಉದಯ

ಸರ್ನ್‌ನಲ್ಲೇ ಕೆಲಸ ಮಾಡುತ್ತಿದ್ದ ನಾರ್ವೆಯ ಹೋಕನ್ ವಿಯುಮ್ ಲೀ 1994ರ ಅಕ್ಟೋಬರ್ 10ರಂದು ಸಿಎಸ್‌ಎಸ್‌ನ ಮೊದಲ ಪ್ರಸ್ತಾವವನ್ನು ಮಂಡಿಸಿದರು. ಅದರ ವಿಶೇಷವಿದ್ದುದು ಒಬ್ಬರಿಗೇ ಅಧಿಕಾರ ಕೊಡದಿರುವುದರಲ್ಲಿ. ಮೊದಲ ದರ್ಜೆಯ ಶೀರ್ಷಿಕೆಯ ಗಾತ್ರ 24 ಪಾಯಿಂಟ್ ಇರಲಿ ಎಂದು ಬರೆದು ಪಕ್ಕದಲ್ಲಿ ಶೇಕಡ 100 ಎಂದು ಸೇರಿಸಿದರೆ ಅದು ಪೂರ್ಣ ಹಕ್ಕಿನ ಬೇಡಿಕೆಯಾಗುತ್ತಿತ್ತು. ಶೇಕಡ 40 ಎಂದರೆ ಉಳಿದ 60ರ ಪ್ರಭಾವ ಮುಂದಿನ ಶೈಲಿಪಟ್ಟಿಗೆ, ಅಂದರೆ ರೂಪದ ನಿಯಮಗಳ ಇನ್ನೊಂದು ಪಟ್ಟಿಗೆ, ಹೋಗುತ್ತಿತ್ತು. ಶೇಕಡಾವಾರು ಲೆಕ್ಕ ಮುಂದೆ ಕೈಬಿಟ್ಟುಹೋದರೂ, ಬ್ರೌಸರ್, ಓದುಗ, ಲೇಖಕ ಈ ಮೂವರ ನಿಯಮಗಳು ಶ್ರೇಣಿಯಾಗಿ ಇಳಿದುಬಂದು ಯಾವುದು ಗೆಲ್ಲಬೇಕೆಂದು ತೀರ್ಮಾನವಾಗುವ ವ್ಯವಸ್ಥೆ ಉಳಿಯಿತು. ಡಚ್ ತಜ್ಞ ಬರ್ಟ್ ಬಾಸ್ ಜೊತೆಗೂಡಿದ ಮೇಲೆ, ವೆಬ್‌ನ ಮಾನಕಗಳನ್ನು ರೂಪಿಸಲು 1994ರಲ್ಲಿ ಸ್ಥಾಪನೆಯಾಗಿದ್ದ ಡಬ್ಲ್ಯು3ಸಿ ಒಕ್ಕೂಟವು 1996ರ ಡಿಸೆಂಬರ್‌ನಲ್ಲಿ ಸಿಎಸ್‌ಎಸ್‌ನ ಮೊದಲ ಆವೃತ್ತಿಯನ್ನು ಶಿಫಾರಸಾಗಿ ಪ್ರಕಟಿಸಿತು; ಮರುವರ್ಷದ ಎಚ್‌ಟಿಎಂಎಲ್ 4.0 ‘ಫಾಂಟ್’ ಟ್ಯಾಗ್ ಬಳಸಬಾರದೆಂದು ಸೂಚಿಸಿತು.

ನಿಯಮ ಬಂದರೂ ಪಾಲನೆ ತಡವಾಯಿತು. ಸಿಎಸ್‌ಎಸ್ ಪ್ರತಿಯೊಂದು ಅಂಶವನ್ನೂ ಒಂದು ಪೆಟ್ಟಿಗೆಯೆಂದು ಎಣಿಸುತ್ತದೆ. ಒಳಗಿನ ಬರೆಹಕ್ಕೆ 200 ಪಿಕ್ಸೆಲ್ ಅಗಲ, ಎರಡೂ ಬದಿಗೆ 20ರಂತೆ ಒಳಜಾಗ, 5ರಂತೆ ಅಂಚುಪಟ್ಟಿ ಕೊಟ್ಟರೆ ಮಾನಕದ ಪ್ರಕಾರ ಒಟ್ಟು ಅಗಲ 250 ಪಿಕ್ಸೆಲ್ ಆಗಬೇಕು. ವಿಂಡೋಸ್‌ನ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 5 ಎಲ್ಲವನ್ನೂ 200ರೊಳಗೇ ತುರುಕುತ್ತಿತ್ತು. ಇಂತಹ ಭಿನ್ನತೆಗಳ ವಿರುದ್ಧ 1998ರಲ್ಲಿ ವಿನ್ಯಾಸಕಾರರು ವೆಬ್ ಸ್ಟ್ಯಾಂಡರ್ಡ್ಸ್ ಪ್ರಾಜೆಕ್ಟ್ ಎಂಬ ಸಂಘಟನೆ ಕಟ್ಟಿಕೊಂಡು ಬ್ರೌಸರ್ ತಯಾರಕರ ಮೇಲೆ ಒತ್ತಡ ತಂದರು. 2003ರಲ್ಲಿ ಡೇವ್ ಶೇ ಆರಂಭಿಸಿದ ಸಿಎಸ್‌ಎಸ್ ಝೆನ್ ಗಾರ್ಡನ್, ಒಂದೇ ಎಚ್‌ಟಿಎಂಎಲ್ ಕಡತದ ಒಂದಕ್ಷರವನ್ನೂ ಮುಟ್ಟದೆ ಶೈಲಿಪಟ್ಟಿಯನ್ನಷ್ಟೇ ಬದಲಿಸಿ ಸಂಪೂರ್ಣ ಬೇರೆ ಬೇರೆ ವಿನ್ಯಾಸಗಳನ್ನು ತೋರಿಸಿ, ತತ್ವಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಒದಗಿಸಿತು. ಕೋಷ್ಟಕಗಳಿಂದ ಮಾಡಿಸುತ್ತಿದ್ದ ಕೆಲಸಕ್ಕೆಂದೇ ರೂಪುಗೊಂಡ ಗ್ರಿಡ್ ವಿಧಾನ ಪ್ರಮುಖ ಬ್ರೌಸರುಗಳಲ್ಲಿ ನೆಲೆಗೊಂಡದ್ದು 2017ರಲ್ಲಿ.

ಕನ್ನಡದ ಅನುಭವ

ರಚನೆ ಮತ್ತು ರೂಪಗಳನ್ನು ಬೆರೆಸಿದ್ದರ ಹಾನಿ ಕನ್ನಡದಲ್ಲಿ ಇನ್ನೂ ಆಳವಾಗಿತ್ತು. ಬೇರೆ ಬೇರೆ ಲಿಪಿಗಳ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಕೇತ ಕೊಡುವ ಮಾನಕವಾದ ಯೂನಿಕೋಡ್ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಕೊಟ್ಟಿದ್ದರೂ ಅದನ್ನು ಸರಿಯಾಗಿ ಮೂಡಿಸುವ ವ್ಯವಸ್ಥೆ ಸಾಮಾನ್ಯ ಕಂಪ್ಯೂಟರುಗಳಲ್ಲಿರಲಿಲ್ಲ. ಆದ್ದರಿಂದ ಆರಂಭದ ಕನ್ನಡ ಪುಟಗಳು ಇಂಗ್ಲಿಷ್ ಅಕ್ಷರಗಳ ಸಂಕೇತಸ್ಥಾನಗಳಲ್ಲಿ ಕನ್ನಡ ಅಕ್ಷರಭಾಗಗಳನ್ನು ಕೂರಿಸಿದ ಫಾಂಟ್‌ಗಳನ್ನು ನಂಬಿದವು. ಕಡತದಲ್ಲಿ ಇದ್ದುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಅದು ಕನ್ನಡವಾಗುತ್ತಿದ್ದುದು ‘ಫಾಂಟ್’ ಟ್ಯಾಗ್‌ನಲ್ಲಿ ಹೆಸರಿಸಿದ ಫಾಂಟ್ ಓದುಗರ ಯಂತ್ರದಲ್ಲಿದ್ದರೆ ಮಾತ್ರ. ಎಂದರೆ ಭಾಷೆಯೇ ಅಲಂಕಾರದ ಪದರಕ್ಕೆ ಸೇರಿಹೋಗಿತ್ತು. ಹೀಗಾಗಿ ಹುಡುಕಾಟದ ಯಂತ್ರಗಳಿಗೆ ಆ ಬರೆಹ ಕನ್ನಡವೆಂದೇ ತಿಳಿಯುತ್ತಿರಲಿಲ್ಲ. ಫಾಂಟ್ ಬದಲಾದರೆ ಪಠ್ಯವೂ ಕೆಡುತ್ತಿತ್ತು.

ಎಚ್‌ಟಿಎಂಎಲ್ 4.0 ಯೂನಿಕೋಡ್‌ನ ಅಕ್ಷರಗಣವನ್ನು ಆಧಾರವಾಗಿ ಒಪ್ಪಿದ್ದು, 2001ರ ವಿಂಡೋಸ್ ಎಕ್ಸ್‌ಪಿ ತುಂಗಾ ಎಂಬ ಯೂನಿಕೋಡ್ ಕನ್ನಡ ಫಾಂಟ್ ಒಳಗೊಂಡು ಬಂದದ್ದು ಈ ತೊಡಕನ್ನು ಬಿಡಿಸಲು ದಾರಿ ಮಾಡಿದವು. ಈಗ ಪುಟದ ಭಾಷೆ ಕನ್ನಡವೆಂದು ‘ಲ್ಯಾಂಗ್’ ಗುಣಲಕ್ಷಣದ ಮೂಲಕ ಎಚ್‌ಟಿಎಂಎಲ್‌ನಲ್ಲಿ ಘೋಷಿಸಿ, ಫಾಂಟ್‌ನ ಆಯ್ಕೆಯನ್ನು ಸಿಎಸ್‌ಎಸ್‌ಗೆ ಬಿಡಬಹುದು. ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಇಂಗ್ಲಿಷಿಗೆ ಸಾಕಾಗುವ ಸಾಲಂತರ ಕನ್ನಡಕ್ಕೆ ಇಕ್ಕಟ್ಟಾಗುತ್ತದೆ. ಅದನ್ನು ಹಿಗ್ಗಿಸಲು ಶೈಲಿಪಟ್ಟಿಯಲ್ಲಿ ಒಂದು ಸಾಲು ಬರೆದರೆ ಸಾಕು, ಪಠ್ಯವನ್ನು ಮುಟ್ಟಬೇಕಿಲ್ಲ.

ಉಪಸಂಹಾರ

1990ರ ದಶಕದ ಆರಂಭದಲ್ಲಿ ಸರ್ನ್‌ನಲ್ಲಿ ಬರೆದ ಸರಳ ಪುಟಗಳನ್ನು ಇಂದಿನ ಮೊಬೈಲಿನಲ್ಲೂ ಓದಬಹುದು. ಅವುಗಳ ನಂತರ ಬಂದ ಹಳೆಯ ಫಾಂಟ್‌ಗಳ ಕನ್ನಡ ಪುಟಗಳನ್ನು ಪರಿವರ್ತಕವಿಲ್ಲದೆ ಓದಲಾಗದು. ಬರೆಹದ ಬಾಳಿಕೆ ರಚನೆಯನ್ನು ಅವಲಂಬಿಸಿದೆಯೇ ಹೊರತು ರೂಪವನ್ನಲ್ಲ ಎಂಬುದಕ್ಕೆ ಈ ವ್ಯತ್ಯಾಸವೇ ಆಧಾರ. ಆದ್ದರಿಂದ ಶಾಲೆ ಕಾಲೇಜುಗಳಲ್ಲಿ ಈ ವಿದ್ಯೆಯನ್ನು ಕಲಿಸುವವರು, ಶೈಲಿಪಟ್ಟಿ ಇಲ್ಲದೆಯೂ ಅರ್ಥವಾಗುವ ಪುಟವನ್ನು ವಿದ್ಯಾರ್ಥಿಗಳಿಂದ ಮೊದಲು ಬರೆಸಿ, ಬಣ್ಣ ಮತ್ತು ವಿನ್ಯಾಸದ ಪಾಠವನ್ನು ಅನಂತರ ಕೈಗೆತ್ತಿಕೊಳ್ಳುವುದು ಸೂಕ್ತ.